ಮಾನ್ವಿ ಕಾರಿನ ದೀಪಗಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ರಾಯಚೂರಿನ ಗಂಜಿನ, ಅಂದರೆ ಕಾಳುಕಡಿ ಮಾರುಕಟ್ಟೆಯ, ರಸ್ತೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೂ ಗಾಡಿಯ ದೀಪ ಕೆಟ್ಟಿತೆಂದರೆ ನನ್ನ ತಗಡಿನ ಶೆಡ್ಡಿಗೇ ಬರುತ್ತಿದ್ದರು. ಲಾರಿ, ಜೀಪು, ಟ್ರ್ಯಾಕ್ಟರು, ಯಾವ ಕಾಲದ್ದೋ ಕಾರು, ಏನೇ ಇರಲಿ, ನಾನು ವೈರು ಎಳೆದರೆ ಹತ್ತು ವರ್ಷ ಅಲ್ಲಾಡುವುದಿಲ್ಲ ಎಂಬ ಹೆಸರಿತ್ತು. ಆ ಹೆಸರನ್ನು ಎಂಬತ್ತರ ದಶಕದ ಶುರುವಿನಲ್ಲಿ ನನ್ನ ಕೈಯಾರೆ ನಾನೇ ಕೆಡಿಸಿಕೊಂಡೆ. ಒಂದೇ ಒಂದು ಕಾರಿಗಾಗಿ. ಅದರ ದೀಪಗಳನ್ನು ಬೇಕಂತಲೇ ಕೆಡಿಸಿದೆ, ಅದೂ ಒಂದು ಸಲವಲ್ಲ. ಯಾಕೆ ಎಂದು ಆಗ ಕೇಳಿದವರನ್ನೆಲ್ಲ ಬೈದು ಕಳಿಸಿದ್ದೆ. ಈಗ ಹೇಳುತ್ತೇನೆ.

ಶೆಡ್ಡಿನ ಹಿಂದೆಯೇ ನನ್ನ ಕೋಣೆ. ಮದುವೆಯಾಗಿ ಮೂರು ವರ್ಷಕ್ಕೆ ಹೆಂಡತಿ ತೀರಿಹೋದಳು, ಮಕ್ಕಳಿರಲಿಲ್ಲ. ಹುಟ್ಟಿದೂರು ಗಬ್ಬೂರು ದೂರವೇನಲ್ಲ, ಬಸ್ಸಿಗೆ ಒಂದು ತಾಸು. ಆದರೆ ಅವ್ವ ಹೋದ ಮೇಲೆ ಅಲ್ಲಿಗೆ ಹೋಗಲು ನೆಪವೂ ಉಳಿಯಲಿಲ್ಲ. ದಿನಕ್ಕೆ ಹತ್ತಾರು ಮಂದಿ ಬರುವವರು, ಎಲ್ಲರ ಮಾತೂ ಗಾಡಿಯದೇ. "ಹಾರ್ನ್ ಬಡ್ಯವಲ್ದು ನೋಡ್ರಿ." "ಬ್ಯಾಟ್ರಿ ಕುಂತುಬಿಟ್ಟದ್ರಿ." ಒಮ್ಮೆ ಜ್ವರ ಬಂದು ಎರಡು ದಿನ ಶೆಡ್ಡು ಮುಚ್ಚಿದ್ದೆ. ಮೂರನೇ ದಿನ ಬಂದವನು ಕೇಳಿದ್ದೇನು? "ಎಲ್ಲಿ ಹೋಗಿದ್ರಿ, ನಮ್ ಗಾಡಿ ನಿಂತದಲ್ರೀ!" ಸಂಜೆ ಬಾಗಿಲು ಎಳೆದರೆ ಮರುದಿನ ಬೆಳಗಿನವರೆಗೆ ನನ್ನ ಬಾಯಿಂದ ಒಂದು ಮಾತು ಹೊರಡುವ ಪ್ರಸಂಗವೇ ಇರಲಿಲ್ಲ. ಕೆಲವು ಸಲ ಸೀಮೆಎಣ್ಣೆ ಸ್ಟವ್ವಿಗೆ ಬೈಯುತ್ತಿದ್ದೆ, ಗಂಟಲು ಇನ್ನೂ ಕೆಲಸ ಮಾಡುತ್ತದೋ ಇಲ್ಲವೋ ನೋಡಲಿಕ್ಕೆ.

ಇಂಥ ದಿನಗಳಲ್ಲಿ ಮಾನ್ವಿಯ ಡ್ರೈವರ್ ಒಬ್ಬ ನನಗೆ ಗಂಟುಬಿದ್ದ. ಅವನದು ಕರಿ ಬಣ್ಣದ ಹಳೆಯ ಅಂಬಾಸಿಡರ್, ಸ್ವಂತದ್ದು. ವಾರಕ್ಕೆ ಮೂರು ನಾಲ್ಕು ದಿನ ಮಾನ್ವಿಯಿಂದ ಎಂಟು ಮಂದಿಯನ್ನು ತುಂಬಿಕೊಂಡು ಹನ್ನೆರಡರ ಹೊತ್ತಿಗೆ ರಾಯಚೂರಿಗೆ ಬರುತ್ತಿದ್ದ. ಆಸ್ಪತ್ರೆ, ಕೋರ್ಟು, ಗಂಜು ಎಂದು ಮಂದಿ ಚದುರಿದರೆ ಮತ್ತೆ ಕೂಡುವುದು ಸಂಜೆಗೆ. ಅಲ್ಲಿಯವರೆಗೆ ಅವನ ಠಿಕಾಣಿ ನನ್ನ ಶೆಡ್ಡು. ನನಗಿಂತ ಏಳೆಂಟು ವರ್ಷ ದೊಡ್ಡವನಾದ್ದರಿಂದ ನಾನು ಅಣ್ಣಾ ಎನ್ನುತ್ತಿದ್ದೆ, ಅವನಿಗೆ ನಾನು ತಮ್ಮ.

ಮೊದಲನೇ ದಿನವೇ ನನ್ನ ಬುತ್ತಿಗೆ ಕೈ ಹಾಕಿ ಅರ್ಧ ರೊಟ್ಟಿ ಮುರಿದುಕೊಂಡ. ನನಗೆ ಗಾಬರಿಯಾಯಿತು. ಅವರದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಒಕ್ಕಲುತನದ ಮನೆ, ನಮ್ಮದು ಊರ ಹೊರಗಿನ ಕೇರಿ.

"ಅಣ್ಣಾ, ನಮ್ ಮಂದಿ ಯಾರು ಅಂತ ನಿನಗ ಗೊತ್ತದ ಇಲ್ಲೋ?" ಎಂದೆ.

"ಗೊತ್ತದ. ಪಲ್ಯಾಕ ಇಷ್ಟು ಖಾರ ಯಾಕ ಹಾಕೀದಿ, ಮೊದಲ ಅದನ್ನ ಹೇಳು" ಎಂದು ಇನ್ನೊಂದು ತುಂಡು ಮುರಿದ.

ಗಂಜಿನಲ್ಲಿ ನನ್ನ ಕೆಲಸ ಹೊಗಳುವವರಿಗೆ ಬರವಿರಲಿಲ್ಲ. ನನ್ನ ಜೊತೆ ಕೂತು ಉಂಡವನು ಅವನೊಬ್ಬನೇ. ಅವನು ಬರುವ ದಿನ ನಾಲ್ಕು ರೊಟ್ಟಿ ಹೆಚ್ಚು ಬಡಿಯುತ್ತಿದ್ದೆ, ಖಾರ ಕಡಿಮೆ ಹಾಕುತ್ತಿದ್ದೆ. ಬಾರದ ದಿನ ಮಾನ್ವಿ ಕಡೆಯಿಂದ ಬರುವ ಪ್ರತಿಯೊಂದು ಕರಿ ಗಾಡಿಯನ್ನೂ ಕತ್ತೆತ್ತಿ ನೋಡುತ್ತಿದ್ದೆ. ನಾಚಿಕೆಯ ಮಾತು, ಆದರೆ ಖರೆ.

ಹೀಗೆ ಎರಡು ವರ್ಷ ನಡೆಯಿತು. ಒಂದು ಸಲ ಭತ್ತದ ಸುಗ್ಗಿಯ ಹೊತ್ತಿಗೆ ಅವನು ದೀಪದ ಮಾತು ತೆಗೆದ.

"ಲೇ ತಮ್ಮಾ, ಲೈಟು ಭಾಳ ಮಂದ ಆಗ್ಯಾವ. ಕಲ್ಲೂರು ದಾಟಿದ ಮ್ಯಾಲ ದಾರೀನ ಕಾಣವಲ್ದು."

ಹಳೆಯ ಕಾರಿನಲ್ಲಿ ಅದೇನು ದೊಡ್ಡ ಸುದ್ದಿಯಲ್ಲ. ದೀಪ ಮಂದವಾದರೆ ಎಲ್ಲರೂ ಬಲ್ಬಿಗೆ ಬೈಯುತ್ತಾರೆ. ಆದರೆ ಬ್ಯಾಟರಿಯಿಂದ ಬಂದ ಕರೆಂಟು ಗಾಡಿಯ ಮೈಯೊಳಗಿಂದ ವಾಪಸು ಹೋಗಬೇಕಲ್ಲ, ಆ ಅರ್ಥಿಂಗಿನ ಜಾಗ ತುಕ್ಕು ಹಿಡಿದಿದ್ದರೆ ಎಂಥ ಬಲ್ಬು ಹಾಕಿದರೂ ಅಷ್ಟೇ. ಬಣ್ಣ ಕೆರೆದು, ಬೋಲ್ಟು ಬಿಗಿದು, ದೀಪದ ಒಳಗೆ ಬೆಳಕು ಚಿಮ್ಮಿಸುವ ಹೊಳಪಿನ ಬೋಗುಣಿ ಒರೆಸಿ ಕಳಿಸಿದೆ. ವಾರ ಬಿಟ್ಟು ಮತ್ತೆ ಅದೇ ರಾಗ. ಬಲ್ಬು ಬದಲಿಸಿದೆ. ಮತ್ತೆ ಬಂದ. "ನಿನ್ನ ಗಾಡಿಗೇನ್ ಸೂರ್ಯನ್ನ ಕಟ್ಟಲೇನು?" ಎಂದು ರೇಗಿದರೆ ನಗುತ್ತ ಕೂತ. ಅದಾಗಿ ನಾಲ್ಕೇ ದಿನಕ್ಕೆ ಕಾರಿನ ಎಡಗಡೆಯ ದೀಪ ಪುಡಿಪುಡಿಯಾಗಿ ಬಂತು. ಕಾಲುವೆಯ ಹತ್ತಿರ ಹುಲ್ಲು ಹೇರಿದ ಬಂಡಿಗೆ ಹಿಂದಿನಿಂದ ತಾಕಿಸಿದ್ದ. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಿರಲಿಲ್ಲ. "ಬಂಡ್ಯಾಗ ಕಂದೀಲಿದ್ದಿಲ್ಲಲೇ" ಎಂದ.

ಸರಿ, ಎರಡೂ ದೀಪ ಹೊಸವೇ ಹಾಕೋಣ ಎಂದು ಹೈದರಾಬಾದಿನಿಂದ ಹ್ಯಾಲೋಜನ್ ದೀಪ ತರಿಸಿದೆ. ಆಗ ನಮ್ಮ ಕಡೆ ಅವು ಹೊಸ ನಮೂನೆ. ಹಳೆಯ ಕಾರಿಗೆ ಇಂಥವನ್ನು ಕೂರಿಸುವುದೆಂದರೆ ಗಾಜು ಬದಲಿಸಿದಷ್ಟು ಹಗುರವಲ್ಲ. ಕಾರಿನ ಹಳೆಯ ವೈರು ತೆಳ್ಳಗಿನದು, ಅದರಲ್ಲಿ ದೀಪಕ್ಕೆ ಬೇಕಾದ ಕರೆಂಟೆಲ್ಲ ಮೊದಲು ಡ್ರೈವರನ ಮುಂದಿನ ಸ್ವಿಚ್ಚಿಗೆ, ಅಲ್ಲಿಂದ ಕಾಲ ಬುಡದ ಡಿಪ್ಪರ್ ಸ್ವಿಚ್ಚಿಗೆ ಸುತ್ತಿ ಬರಬೇಕು. ಎರಡು ಪಟ್ಟು ಉಣ್ಣುವ ಬಲ್ಬನ್ನು ಅದಕ್ಕೇ ಕಟ್ಟಿದರೆ ಸ್ವಿಚ್ಚು ಕರಗಿ ಹೊಗೆ ಏಳುತ್ತದೆ. ಅದಕ್ಕೆ ಬ್ಯಾಟರಿಯಿಂದಲೇ ದಪ್ಪ ಕೆಂಪು ವೈರು ಎಳೆದು, ನಡುವೆ ಒಂದು ಫ್ಯೂಜು ಇಟ್ಟು, ರಿಲೇ ಎಂಬ ಪುಟ್ಟ ಡಬ್ಬಿಯ ಮೂಲಕ ದೀಪಕ್ಕೆ ಕೊಡಬೇಕು. ಹಳೆಯ ಸ್ವಿಚ್ಚು ಬರೀ ಹುಕುಂ ಕೊಡುತ್ತದೆ, ಹೊರೆ ಹೊರುವುದು ರಿಲೇ. ದೂರದ ಬೆಳಕಿಗೊಂದು, ಹತ್ತಿರದ ಬೆಳಕಿಗೊಂದು, ಎರಡು ರಿಲೇ ಹಾಕಿದೆ. ತಗಡಿನ ತೂತಿನಲ್ಲಿ ವೈರು ಉಜ್ಜಿ ಹರಿಯದಂತೆ ರಬ್ಬರು ಕೂರಿಸಿದೆ. ಒಂದು ಭಾನುವಾರ ಬೆಳಿಗ್ಗೆ ಶುರುಮಾಡಿದ್ದು ಹೊತ್ತು ಮುಳುಗುವವರೆಗೆ ಹಿಡಿಯಿತು. ಅವನು ಪಕ್ಕದಲ್ಲಿ ಡಬ್ಬದ ಮೇಲೆ ಕೂತು ಊರ ಉಸಾಬರಿ ಹೇಳುತ್ತಿದ್ದ. ಅಷ್ಟು ಸುಖದ ಭಾನುವಾರ ನನ್ನ ಜನ್ಮದಲ್ಲಿ ಬಹಳ ಇಲ್ಲ.

ಆಗಿನ ಪದ್ಧತಿಯಂತೆ ಎದುರಿನವರ ಕಣ್ಣು ಕುಕ್ಕದಿರಲೆಂದು ದೀಪದ ಗಾಜಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿಯಬೇಕು. ನಾನು ಕುಂಚ ಎತ್ತಿದರೆ ಅವನು ಕೈ ಹಿಡಿದುಕೊಂಡ. "ಇದ್ದ ಬೆಳಕನ್ಯಾಕ ಮುಚ್ಚತಿ ಮಾರಾಯಾ, ಇರಲಿ ಬಿಡು." ಬಿಟ್ಟೆ.

ನನ್ನದೊಂದು ರೂಢಿ ಇತ್ತು. ಹೊಸ ದೀಪ ಕಟ್ಟಿದ ಮೇಲೆ, ದೀಪ ಹಚ್ಚುವ ಹೊತ್ತಿಗೆ, ಗಾಡಿಯನ್ನು ಎದುರಿನ ಅಕ್ಕಿ ಮಿಲ್ಲಿನ ಗೋದಾಮಿಗೆ ಮುಖಮಾಡಿ ಇಪ್ಪತ್ತು ಹೆಜ್ಜೆ ದೂರ ನಿಲ್ಲಿಸುತ್ತಿದ್ದೆ. ಸುಣ್ಣ ಬಳಿದ ಬಿಳಿ ಗೋಡೆ. ಗಾಡಿಯ ಮಾಲೀಕನ ಕೈಗೇ ಸೀಮೆಸುಣ್ಣ ಕೊಟ್ಟು, ಸುಣ್ಣದ ಮೇಲೆ ಬಿಳಿಯದು ಕಾಣುವುದಿಲ್ಲವಾದ್ದರಿಂದ ನೀಲಿಯದನ್ನು ಕೊಟ್ಟು, "ಬೆಳಕು ಎಲ್ಲಿತನಕ ಬಿದ್ದದ, ನೀವ ಗೀಟು ಹಾಕ್ರಿ" ಎನ್ನುತ್ತಿದ್ದೆ. ಅವರೇ ಗೀಟು ಹಾಕಿದ ಮೇಲೆ ನಾಳೆ ಬಂದು ಬೆಳಕು ಮರಕ್ಕೆ ಹೊಡೆಯುತ್ತದೆ, ಗಿಡಕ್ಕೆ ಹೊಡೆಯುತ್ತದೆ ಎಂದು ತಕರಾರು ತೆಗೆಯುವ ಹಾಗಿಲ್ಲ. ಯಾರೇ ಹಾಕಿದರೂ ಗೀಟು ಹೆಚ್ಚುಕಡಿಮೆ ಒಂದೇ ಆಗುತ್ತಿತ್ತು, ಅಡ್ಡಕ್ಕೆ ಹಾಸಿದ ಕೌದಿಯಷ್ಟು ಅಗಲ.

ಅವನು ಹೋಗಿ ರೊಟ್ಟಿ ಹಂಚಿನಷ್ಟು ಒಂದು ಸುತ್ತು ಬರೆದು ನಿಂತ.

"ಅಣ್ಣಾ, ಚ್ಯಾಷ್ಟಿ ಸಾಕು, ಬರೋಬರಿ ಬರಿ" ಎಂದೆ.

"ಬರೋಬರೀನ ಬರದೀನಲೇ. ಇಷ್ಟ ಬಿದ್ದದ. ಹೈದ್ರಾಬಾದಿಂದ ತರಿಸೀನಿ ಅಂತ ಹೇಳ್ತಿ, ಎಲ್ಲಿ ಹೋತು ಬೆಳಕು?"

ಅವನ ಎರಡೂ ಕಡೆ ಗೋಡೆ ಹಗಲಿನ ಹಾಗೆ ಬೆಳಗುತ್ತಿತ್ತು. ತಿರುಗಿ ಬರುವಾಗ ಬೆಳಕಿನ ಅಂಚಿನಲ್ಲಿದ್ದ ನನ್ನ ಸೈಕಲ್ಲಿಗೆ ನೇರವಾಗಿ ನಡೆದು ಹೋಗಿ ಅದರ ಮೇಲೆಯೇ ಬಿದ್ದ. ಕೈಯಿಂದ ನೆಲ ತಡವಿಕೊಂಡು ಎದ್ದವನು ಸೈಕಲ್ಲಿಗೂ ನನಗೂ ಕೂಡಿಯೇ ಬೈದ. ನಾನು ನಗಲಿಲ್ಲ. ಗಬ್ಬೂರಿನಲ್ಲಿ ನಮ್ಮ ಸೋದರಮಾವನಿಗೆ ಇರುಳುಗಣ್ಣಿತ್ತು. ಹೊತ್ತು ಮುಳುಗಿದರೆ ಮುಂದಿಟ್ಟ ತಾಟನ್ನು ತಡವಿ ಹುಡುಕುತ್ತಿದ್ದ. ಹಗಲಿನಲ್ಲಿ ಅವನಷ್ಟು ಚುರುಕು ಇನ್ನೊಬ್ಬರಿರಲಿಲ್ಲ. ಅದೇ ಕೈ, ಅದೇ ತಡವುವಿಕೆ ನನ್ನ ಕಣ್ಣೆದುರಿಗಿತ್ತು. ದೋಷ ದೀಪದ್ದಲ್ಲ, ಅರ್ಥಿಂಗಿನದಲ್ಲ, ಮಂದವಾಗಿದ್ದು ಅವನ ಕಣ್ಣು.

ಆಗಲೇ ಹೇಳಬೇಕಿತ್ತು. ಒಂದು ಮಾತು. ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದರೆ, ಅವನಿಗೆ ಡ್ರೈವರಿಕೆ ಬಿಟ್ಟರೆ ಬೇರೆ ಗೊತ್ತಿರಲಿಲ್ಲ, ಮನೆ ನಡೆಯುವುದು ಆ ಸ್ಟೇರಿಂಗಿನ ಮೇಲೆ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ಅದೂ ನಿಜ. ಅದಕ್ಕಿಂತ ಹೆಚ್ಚಿನ ನಿಜವೆಂದರೆ, ಕಾರು ಬಿಟ್ಟರೆ ಅವನು ರಾಯಚೂರಿಗೆ ಯಾಕೆ ಬರುತ್ತಾನೆ? ನನ್ನ ಶೆಡ್ಡಿನಲ್ಲಿ ಯಾಕೆ ಕೂರುತ್ತಾನೆ? ಎಂಟು ಮಂದಿಯ ಜೀವ ಒಂದು ಕಡೆ, ನನ್ನ ಮಧ್ಯಾಹ್ನದ ಊಟದ ಜೊತೆಗಾರ ಇನ್ನೊಂದು ಕಡೆ. ನಾನು ತೂಗಿ ನೋಡಿದೆ. ತೂಗಿ ನೋಡಿದ್ದಕ್ಕೇ ಈಗ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಮೊದಲು ಸುಳ್ಳು ಹೇಳಿ ನೋಡಿದೆ. "ಅಣ್ಣಾ, ಹೊಸಾ ಲೈಟು ನಿನ್ನ ಹಳೀ ಡೈನಮೊ ತಡಿಯಂಗಿಲ್ಲ. ಐದರೊಳಗ ಬಿಟ್ಟು ಹೊತ್ತಿರತ ಮಾನ್ವಿ ಸೇರಿಬಿಡು." ನಾಲ್ಕು ದಿನ ಕೇಳಿದ. ಆಮೇಲೆ ಕೋರ್ಟಿಗೆ ಬಂದವರು ತಡಮಾಡಿದರು, ಆಸ್ಪತ್ರೆಯವರು ತಡಮಾಡಿದರು, ಮತ್ತೆ ಏಳು ಗಂಟೆಗೆ ಹೊರಡತೊಡಗಿದ.

ಆಗ ಫ್ಯೂಜಿನ ಆಟ ಶುರುಮಾಡಿದೆ. ಮಧ್ಯಾಹ್ನ ಉಂಡು ಅವನೊಂದು ನಿದ್ದೆ ತೆಗೆಯುತ್ತಿದ್ದ. ಆ ಹೊತ್ತಿನಲ್ಲಿ ಬಾನೆಟ್ಟು ಎತ್ತಿ ಒಳ್ಳೆಯ ಫ್ಯೂಜು ಕಿತ್ತು, ಅದರ ಜಾಗದಲ್ಲಿ ಸುಟ್ಟದ್ದನ್ನು ಸಿಕ್ಕಿಸಿಬಿಡುತ್ತಿದ್ದೆ. ಹೊರಡುವ ಮೊದಲು ನನ್ನ ಶೆಡ್ಡಿನ ಮುಂದೆಯೇ ಒಮ್ಮೆ ದೀಪ ಹಾಕಿ ನೋಡುವುದು ಅವನ ಅಭ್ಯಾಸ, ಆದ್ದರಿಂದ ದಾರಿಯಲ್ಲಿ ಕೈಕೊಡುವ ಭಯವಿಲ್ಲ. ಸ್ವಿಚ್ಚು ಎಳೆದರೆ ಕತ್ತಲೆ. ನಾನು ಅರ್ಧ ತಾಸು ಅಲ್ಲಿ ಇಲ್ಲಿ ತಿರುವಿದಂತೆ ಮಾಡಿ, "ಇವತ್ತಾಗಂಗಿಲ್ಲಣ್ಣಾ, ಮುಂಜಾನಿ ನೋಡೂಣು" ಎನ್ನುತ್ತಿದ್ದೆ. ಮಂದಿ ಅವನಿಗೂ ನನಗೂ ಶಾಪ ಹಾಕಿ ಬಸ್ ಸ್ಟ್ಯಾಂಡಿನ ದಾರಿ ಹಿಡಿಯುತ್ತಿದ್ದರು. ಅವನು ನನ್ನ ಕೋಣೆಯಲ್ಲೇ ಉಳಿಯುತ್ತಿದ್ದ. ಇಬ್ಬರಿಗೂ ಅನ್ನ ಬೇಯಿಸುತ್ತಿದ್ದೆ, ಮಾತಾಡುತ್ತ ಮಲಗುತ್ತಿದ್ದೆವು. ಬೆಳಿಗ್ಗೆ ಒಳ್ಳೆಯ ಫ್ಯೂಜು ಹಾಕಿದರೆ ದೀಪ ಜಗ್ಗನೆ ಬರುತ್ತಿತ್ತು. ಅವನ ಜೀವ ಉಳಿಸುತ್ತಿದ್ದೇನೆ ಎಂದುಕೊಳ್ಳುತ್ತಿದ್ದೆ, ಆದರೆ ಆ ಸಂಜೆಗಳಲ್ಲಿ ನನಗೆ ಆಗುತ್ತಿದ್ದ ಖುಷಿ ಜೀವ ಉಳಿಸಿದವನ ಖುಷಿಯಲ್ಲ.

ಎರಡು ತಿಂಗಳಲ್ಲಿ ಸುದ್ದಿ ಹಬ್ಬಿತು. ಗಂಜಿನ ಎಲೆಕ್ಟ್ರಿಷಿಯನ್ನಿಗೆ ಒಂದು ಕಾರಿನ ದೀಪ ರಿಪೇರಿ ಮಾಡಲು ಬರುವುದಿಲ್ಲವಂತೆ. "ಏನ್ರಿ, ಕೈ ಮರ್ತುಬಿಟ್ಟದೇನು?" ಎಂದು ಲಾರಿಯವನೊಬ್ಬ ನಕ್ಕ. ಬೋಲ್ಟು ಬಿಗಿಯುತ್ತಿದ್ದ ಪಾನಾ ಎಸೆದೆ, ಅವನಿಗೆ ತಾಗಲಿಲ್ಲ. ಒಬ್ಬೊಬ್ಬರೇ ಬೇರೆ ಕಡೆ ಹೋಗತೊಡಗಿದರು. ಹೋಗಲಿ ಎಂದುಕೊಂಡೆ.

ಒಂದು ದಿನ ಅವನು ಮಲಗಿದ್ದಾಗ ಎಂದಿನಂತೆ ಸುಟ್ಟ ಫ್ಯೂಜು ಸಿಕ್ಕಿಸಿ, ಒಳ್ಳೆಯದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ರಾತ್ರಿಗೆ ಬದನೆಕಾಯಿ ತರೋಣವೆಂದು ಸಂತೆಗೆ ಹೋದೆ. ಬದನೆಕಾಯಿ ಎಣ್ಣೆಗಾಯಿ ಎಂದರೆ ಅವನಿಗೆ ಪ್ರಾಣ. ತಿರುಗಿ ಬರುವಷ್ಟರಲ್ಲಿ ಕಾರಿಲ್ಲ. ಪಕ್ಕದ ಪಂಕ್ಚರಿನವನು ಹೇಳಿದ, "ದೇವದುರ್ಗಕ್ಕ ಬಾಡಿಗಿ ಬಂತ್ರಿ. ಒಂದ್ ಕುಟುಂಬ ಬಿಟ್ಟು ಬರ್ತೀನಿ ಅಂತ ಮೂರಕ್ಕ ಹೋದ್ರು." ಮೂರು ಗಂಟೆಯ ಬಿಸಿಲಿನಲ್ಲಿ ಯಾರು ದೀಪ ಹಾಕಿ ನೋಡುತ್ತಾರೆ? ಹೋಗುವುದು ಹಗಲಿನಲ್ಲಾಯಿತು. ಬರುವುದು ಕತ್ತಲೆಯಲ್ಲಿ. ಕಣ್ಣಿಲ್ಲದವನು, ದೀಪವಿಲ್ಲದ ಕಾರಿನಲ್ಲಿ. ಬದನೆಕಾಯಿಯ ಚೀಲ ಅಲ್ಲೇ ಒಗೆದು ಬಸ್ ಸ್ಟ್ಯಾಂಡಿಗೆ ಓಡಿದೆ.

ಐದೂವರೆಯ ದೇವದುರ್ಗದ ಬಸ್ಸು ಸಿಕ್ಕಿತು. ಡ್ರೈವರನ ಹಿಂದೆ ಕಂಬ ಹಿಡಿದು ನಿಂತು ಎದುರಿಗೆ ಬರುವ ಪ್ರತಿಯೊಂದು ಗಾಡಿಯನ್ನು ನೋಡಿದೆ. ಜೇಬಿನಲ್ಲಿದ್ದ ಫ್ಯೂಜನ್ನು ಮುಟ್ಟಿ ಮುಟ್ಟಿ ನೋಡಿಕೊಂಡೆ. ದೇವರೇ, ಒಂದು ಸಲ ಉಳಿಸು, ಕಾಲಿಗೆ ಬಿದ್ದು ಹೇಳಿಬಿಡುತ್ತೇನೆ ಎಂದುಕೊಂಡೆ. ಹೊತ್ತು ಮುಳುಗಿತು. ಬಸ್ಸಿನವನು ದೀಪ ಹಾಕಿದ. ಗಬ್ಬೂರು ಇನ್ನೇನು ಬಂತು ಎನ್ನುವಾಗ ದಾರಿಯ ಪಕ್ಕದ ಬೇವಿನ ಮರದ ಕೆಳಗೆ ಕರಿ ಕಾರು ನಿಂತಿತ್ತು. "ನಿಂದರಸ್ರೀ!" ಎಂದು ನಾನು ಕೂಗಿದ್ದಕ್ಕೆ ಬಸ್ಸಿನ ಮಂದಿಯೆಲ್ಲ ಬೆಚ್ಚಿದರು.

ಕಾರಿಗೆ ಏನೂ ಆಗಿರಲಿಲ್ಲ. ಅವನು ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಒಬ್ಬನೇ ಕೂತಿದ್ದ. ನಾನು ಬಾಗಿಲು ತೆಗೆದರೆ ಸಪ್ಪಳ ಬಂದ ಕಡೆ ಮುಖ ತಿರುಗಿಸಿದ.

"ತಮ್ಮಾ ಹೌದಿಲ್ಲೋ? ಫ್ಯೂಜ್ ತಂದೀಯೇನು?"

ಜೇಬಿನೊಳಗಿನ ಫ್ಯೂಜು ಹಿಡಿದುಕೊಂಡೇ ಕೇಳಿದೆ, "ಯಾವಾಗಿಂದ ಗೊತ್ತು ನಿನಗ?"

"ಎರಡನೇ ಸಲಾನ. ಇಪ್ಪತ್ತು ವರ್ಷ ಗಾಡಿ ಹೊಡದವಗ ಫ್ಯೂಜ್ ಎಲ್ಲಿರ್ತದ ಗೊತ್ತಿರಂಗಿಲ್ಲೇನು? ಇವತ್ತ ನೋಡೂದು ಮರ್ತೆ."

"ಮತ್ತ ಯಾಕ ಸುಮ್ಮನಿದ್ದಿ ಮಾರಾಯಾ?"

ಅವನು ಹೆಗಲ ಮೇಲಿನ ಟವೆಲ್ಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಆಮೇಲೆ ಹೇಳಿದ. "ನೀ ಹೇಳ್ತಿ ಅಂತ ಕಾಯಾಕತ್ತಿದ್ದೆ. ಮನ್ಯಾಗ ಹೇಳಿದ್ರ ಅಳ್ತಾರ. ಡಾಕ್ಟರ್ ಹತ್ರ ಹೋಗಾಕ ನನಗ ಅಂಜಿಕಿ. ನನ್ನ ಬಾಯಿಲೆ ಹೇಳಾಕ ನನಗ ಬರವಲ್ದು. ನೀ ಸಿಟ್ಟಿನ ಮನಷ್ಯಾ, ಇವತ್ತಿಲ್ಲ ನಾಳಿ ಬೈದರ ಹೇಳ್ತಿ ಅನ್ಕೊಂಡೆ. ಊರಿಗೆಲ್ಲಾ ಬೈತಿ. ನನಗೊಬ್ಬಗ ಬೈಲಿಲ್ಲಲೋ ನೀನು."

ಆಗ ಹೇಳಿದೆ. ಬೈಯಲು ಆಗಲಿಲ್ಲ, ಅಳುತ್ತಲೇ ಹೇಳಿದೆ. "ಅಣ್ಣಾ, ಕತ್ತಲದಾಗ ನಿನಗ ಕಣ್ಣು ಕಾಣಂಗಿಲ್ಲ. ಇನ್ನ ಗಾಡಿ ಹೊಡೀಬ್ಯಾಡ."

"ಆತು" ಎಂದ. ಟವೆಲ್ಲಿನಿಂದ ಮುಖ ಒರೆಸಿಕೊಂಡು, ಸ್ಟೇರಿಂಗು ಬಿಟ್ಟು ಪಕ್ಕದ ಸೀಟಿಗೆ ಸರಿದ.

ಫ್ಯೂಜು ಹಾಕಿದೆ. ನಾನು ಕಾರುಗಳನ್ನು ಶೆಡ್ಡಿನ ಅಂಗಳದಲ್ಲಿ ಹಿಂದೆ ಮುಂದೆ ಸರಿಸಿದವನೇ ಹೊರತು ರಸ್ತೆಯಲ್ಲಿ ಓಡಿಸಿದವನಲ್ಲ. ಎರಡನೇ ಗೇರಿನಲ್ಲಿ ಹೊರಟೆ. ಅವನು ಇಂಜಿನ್ನಿನ ಸಪ್ಪಳ ಕೇಳಿ "ಕ್ಲಚ್ ಒತ್ತು, ಬಿಡು, ಅವಸರ ಮಾಡಬ್ಯಾಡ" ಎನ್ನುತ್ತಿದ್ದ. ಸ್ವಲ್ಪ ಹೊತ್ತಿಗೊಮ್ಮೆ "ಏನ್ ಕಾಣಾಕತ್ತದ ಹೇಳು" ಎಂದು ಕೇಳುತ್ತಿದ್ದ. ಹತ್ತಿ ಹೊಲ ಕಾಣುತ್ತದೆ, ಮೈಲಿಗಲ್ಲು ಕಾಣುತ್ತದೆ, ಒಂದು ನರಿ ದಾಟಿತು ಎಂದು ಹೇಳುತ್ತ ಹೋದೆ. "ಲೈಟು ಛಲೋ ಕಟ್ಟೀದಿ ಬಿಡು" ಎಂದ.

ಕಾರನ್ನು ಸಿರವಾರದ ಅಕ್ಕಿ ವ್ಯಾಪಾರಿಯೊಬ್ಬ ಕೊಂಡುಕೊಂಡ. ಅಣ್ಣ ಬಸ್ಸಿನಲ್ಲಿ ಎರಡು ಸಲ ಬಂದ, ಎರಡೂ ಸಲ ನಾಲ್ಕರ ಬಸ್ಸು ತಪ್ಪೀತು ಎಂದು ಚಡಪಡಿಸುತ್ತಲೇ ಉಂಡ. ಮೂರನೇ ತಿಂಗಳು ಬರಲಿಲ್ಲ. ನಾನೇ ಮಾನ್ವಿಗೆ ಹೋದೆ. ಹೋಗಿದ್ದು ಮಟಮಟ ಮಧ್ಯಾಹ್ನ. ಅವನ ಮನೆಯವರು ಒಳ್ಳೆಯವರೇ, "ಬರ್ರಿ, ಕುಂದರ್ರಿ" ಎಂದರು. ಕುಂದರ್ರಿ ಎಂದದ್ದು ಕಟ್ಟೆಯ ಮೇಲೆ. ಚಹಾ ಬಂದದ್ದು ದನದ ಕೊಟ್ಟಿಗೆಯ ಗೂಡಿನಿಂದ ತೆಗೆದು ತೊಳೆದ ಬೇರೆ ಕಪ್ಪಿನಲ್ಲಿ. ಹಗಲು, ಅವನಿಗೆ ಚೆನ್ನಾಗಿ ಕಾಣುತ್ತಿತ್ತು. ಹೊಸ್ತಿಲ ಒಳಗೆ ಕೂತವನು ತಲೆ ತಗ್ಗಿಸಿದ, ಎತ್ತಲಿಲ್ಲ. ನಾನು ಚಹಾ ಕುಡಿದು, ಕಪ್ಪು ತೊಳೆದಿಟ್ಟು, ಬರುತ್ತೇನಣ್ಣಾ ಎಂದು ಎದ್ದೆ.

ಮತ್ತೆ ಹೋಗಲಿಲ್ಲ. ಅವನೂ ಬರಲಿಲ್ಲ. ನಾವು ಗೆಳೆಯರಾಗಿದ್ದದ್ದು ಆ ಶೆಡ್ಡಿನೊಳಗೆ, ಆ ಕಾರು ಅಲ್ಲಿ ನಿಂತಿರುವಷ್ಟು ದಿನ. ಮಂದಿ ಮೆಲ್ಲಗೆ ನನ್ನ ಹತ್ತಿರ ತಿರುಗಿ ಬಂದರು, ದೀಪ ಕಟ್ಟಿಸಿಕೊಂಡು ಹೊಗಳಿದರು. ನಾನು ಮಾಡಿದ್ದು ಸರಿ, ಎಂಟು ಮಂದಿ ಬದುಕಿಕೊಂಡರು, ಅವನೂ ಬದುಕಿಕೊಂಡ. ಎಲ್ಲ ಗೊತ್ತಿದೆ. ಆದರೂ ಒಬ್ಬನೇ ಉಣ್ಣುವಾಗ ಈಗಲೂ ಒಂದೊಂದು ದಿನ, ಇನ್ನೊಂದು ತಿಂಗಳು ಹೇಳದೆ ಇದ್ದಿದ್ದರೆ ಆಗುತ್ತಿತ್ತು ಎನಿಸುತ್ತದೆ.